ಮೂರನೆಯ ಚೆಂಡು

ಸುಬ್ಬಜ್ಜಿ ಕೊಳವೆಯನ್ನು ಬಾಯಿಗಿಟ್ಟು ಜೋರಾಗಿ ಊದಿದಳು. ಉಸಿರಿನ ವ್ಯಾಯಾಮದ ಡಬ್ಬಿಯೊಳಗಿನ ಮೂರು ಚೆಂಡುಗಳಲ್ಲಿ ಒಂದೂ ಅಲುಗಲಿಲ್ಲ. ಶ್ವಾಸಚಿಕಿತ್ಸೆ ಕಲಿಯುತ್ತಿದ್ದ ರಂಜಿತಾಳಿಗೆ ಅಂದು ಕುಮಟಾದ ಆಸ್ಪತ್ರೆಯ ಆ ವಾರ್ಡಿನಲ್ಲೇ ಪರೀಕ್ಷೆ. ಪರೀಕ್ಷಕರು ಪೆನ್ನು ಹಿಡಿದು ನಿಂತಿದ್ದರು.

“ಊದೂದಲ್ಲ ಅಜ್ಜಿ, ಒಳಗೆ ಎಳೀಬೇಕು,” ಎಂದಳು ರಂಜಿತಾ.

“ಐವತ್ತು ವರ್ಷ ಒಲೆ ಊದಿದ ಬಾಯಿ. ಕೊಳವೆ ಕಂಡ್ರೆ ಊದೂದೇ,” ಎಂದು ಅಜ್ಜಿ ಕೆಮ್ಮಿದಳು.

ರಂಜಿತಾ ಓದಿದ್ದನ್ನೆಲ್ಲ ಬದಿಗಿಟ್ಟು ಊರಿನ ಚಿಪ್ಪುಮೀನಿನ ಊಟ ನೆನಪಿಸಿದಳು. “ಬಳಚಿನ ಸಾರು ಚಿಪ್ಪಿಂದ ಸುರ್ರಂತ ಹೀರೂದಿಲ್ವಾ? ಹಾಂಗೆ.”

ಅಜ್ಜಿ ಹೀರಿದಳು. ಒಂದು ಚೆಂಡು ಎದ್ದಿತು, ಎರಡನೆಯದೂ ಎದ್ದಿತು. ಮೂರನೆಯದು ಮೇಲೇರಿ ಅಲ್ಲೇ ನಿಂತಿತು. ರಂಜಿತಾ ಕೈಮುಗಿದು “ಸಾಕಜ್ಜಿ” ಎಂದರೂ ಆಕೆ ಬಿಡಲಿಲ್ಲ. ಪರೀಕ್ಷಕರು ಬರೆದು ಮುಗಿಸುವವರೆಗೂ ಅವರ ಪೆನ್ನನ್ನೇ ನೋಡುತ್ತ ಚೆಂಡನ್ನು ಹಿಡಿದಿಟ್ಟಳು.

ಆಮೇಲೆ ಕೊಳವೆ ತೆಗೆದು, ಏದುಸಿರಿನ ನಡುವೆ ಕೇಳಿದಳು: “ನಿಂದು ಪಾಸಾತಾ, ಮಗಾ?”