ಐದಕ್ಕೆ ಟೋಪಿ

ಅಂದು ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಬಣ್ಣದ ಮನೆಯ ಅಂಗಳದಲ್ಲಿ ಒಣಗಲು ಹಾಕಿದ್ದ ನೂಲಿನ ಲಡಿಗಳಲ್ಲಿ ಕೆಂಪು ಯಾವುದು, ನೀಲಿ ಯಾವುದು ಎಂದು ಒಡತಿಗೇ ತಿಳಿಯಲಿಲ್ಲ. ಆ ಮಂಜಿನೊಳಗಿಂದ ರಿಪೇರಿ ಮೇಷ್ಟ್ರು ಬರಿತಲೆಯಲ್ಲಿ ನಡೆದು ಬಂದರು. ಹುಬ್ಬಿನ ಮೇಲೆಲ್ಲ ಹನಿ ಕೂತಿತ್ತು.

“ಇಷ್ಟು ಚಳೀಲಿ ತಲೆಗೆ ಏನಾದ್ರೂ ಹಾಕ್ಕೊಂಡು ಬರಬಾರದಾ?” ಎಂದಳು ಒಡತಿ, ಏನಾದರೂ ಮಾತಾಡಬೇಕಲ್ಲ ಎಂದು.

“ಅಭ್ಯಾಸ ತಪ್ಪಿಹೋಯ್ತಮ್ಮ. ಎಲ್ಲಿ ರೋಗಿ?”

ರೋಗಿ ತೂಕದ ಕೋಣೆಯ ಮೂಲೆಯಲ್ಲಿತ್ತು. ಇಪ್ಪತ್ತೆಂಟು ವರ್ಷದ ಕಂಪ್ಯೂಟರು. ಯಾವ ಬಣ್ಣಕ್ಕೆ ಯಾವ ಪುಡಿ ಎಷ್ಟು ಗ್ರಾಂ ಎಂಬುದನ್ನೆಲ್ಲ ತೀರಿಕೊಂಡ ಮಾವ ಒಂದೊಂದಾಗಿ ಬೆರಳಿಟ್ಟು ಅದರೊಳಗೆ ತುಂಬಿಸಿದ್ದರು. ಈಗ ಮೂರು ದಿನದಿಂದ ಅದರ ಡಿಸ್ಕು ಕಲ್ಲು ಕಡಿದ ಹಾಗೆ ಸದ್ದು ಮಾಡುತ್ತಿತ್ತು. ಫ್ಲಾಪಿಯ ಬಾಯಿ ಎಂದೋ ಕಟ್ಟಿಹೋಗಿತ್ತು. ಮಾವನ ಲೆಕ್ಕವೆಲ್ಲ ಹೊಸ ಕಂಪ್ಯೂಟರಿಗೆ ದಾಟಬೇಕೆಂದರೆ ಹಿಂಬದಿಯ ನೆಟ್‌ವರ್ಕ್ ಕಾರ್ಡೊಂದೇ ದಾರಿ. ಅದು ಕಣ್ಣೇ ಬಿಡುತ್ತಿರಲಿಲ್ಲ. ಹೊಸ ಅಂಗಡಿಯಿಂದ ಬಂದ ಇಬ್ಬರು ನಾಲ್ಕು ಸಲ ಅದರ ಡ್ರೈವರ್ ತಂತ್ರಾಂಶ ಏರಿಸಿದರು. ನಾಲ್ಕು ಸಲವೂ ತೆರೆಯ ಮೇಲೆ ‘ಕಾರ್ಡ್ ಸಿಗಲಿಲ್ಲ’ ಎಂದೇ ಬಂತು. “ಮ್ಯೂಸಿಯಂಗೆ ಕೊಟ್ಟುಬಿಡಿ. ಆಫ್ ಮಾತ್ರ ಮಾಡಬೇಡಿ, ಮತ್ತೆ ಏಳಲ್ಲ,” ಎಂದು ಹೇಳಿ ಹೋದರು. ಬೇರೆ ದಾರಿ ಕಾಣದೆ ಒಡತಿ ಹನ್ನೊಂದು ವರ್ಷದ ಮೇಲೆ ಮೇಷ್ಟ್ರಿಗೆ ಹೇಳಿಕಳಿಸಿದ್ದಳು.

ತೂಕದ ತಕ್ಕಡಿಯ ಮುಂದೆ ಕೂತಿದ್ದ ಮೈದುನ ಮೇಷ್ಟ್ರ ಬೋಳುತಲೆಯನ್ನೊಮ್ಮೆ, ಗೋಡೆಯ ಮೊಳೆಯನ್ನೊಮ್ಮೆ ನೋಡಿ ಸುಮ್ಮಸುಮ್ಮನೆ ಕೆಮ್ಮಿದ. ಮೊಳೆಯಲ್ಲಿ ಒಂದು ಕಂದು ಉಣ್ಣೆಯ ಟೋಪಿ ನೇತಾಡುತ್ತಿತ್ತು. ಹನ್ನೊಂದು ವರ್ಷದ ಹಿಂದೆ ಇದೇ ಕಾರ್ಡಿನ ರಿಪೇರಿಗೆ ಬಂದಾಗ ಮೇಷ್ಟ್ರು ಮರೆತುಹೋದದ್ದು. ಬಂದವರಿಗೆಲ್ಲ ಮೈದುನ ಅದನ್ನು ತೋರಿಸುತ್ತಿದ್ದ: “ನೋಡಿ, ನಮಗೆ ಟೋಪಿ ಹಾಕಿದವನ ಟೋಪಿ.”

ಮೇಷ್ಟ್ರು ಮೊಳೆಯ ಕಡೆ ನೋಡಿದರೋ ಇಲ್ಲವೋ. ಕಂಪ್ಯೂಟರಿನ ಪೆಟ್ಟಿಗೆಯ ಮೇಲೆ ಅಂಗೈಯಿಟ್ಟು ಒಂದು ಗಳಿಗೆ ಕಣ್ಣು ಮುಚ್ಚಿದರು. ಆಮೇಲೆ ಮುಚ್ಚಳ ಬಿಚ್ಚಿ, ಟಾರ್ಚು ಬಿಟ್ಟು ಇಣುಕಿದರು.

“ಕಾರ್ಡ್ ಇಲ್ಲೇ ಇದೆ. ಇದರೊಳಗೆ ಒಂದೊಂದು ಸಾಮಾನಿಗೂ ಒಂದೊಂದು ನಂಬರಿನ ಬಾಗಿಲು. ಡ್ರೈವರ್ ಇದನ್ನ ಐದನೇ ಬಾಗಿಲಲ್ಲಿ ನಿಂತು ಕೂಗ್ತಿದೆ. ಇದು ಮೂರನೇ ಬಾಗಿಲಲ್ಲಿ ಕೂತಿದೆ. ಆ ಮೂರೋ, ನಿಮ್ಮ ತಕ್ಕಡಿಯಿಂದ ಬಂದ ವೈರಿನ ಬಾಗಿಲು. ಒಂದೇ ಬಾಗಿಲಲ್ಲಿ ಇಬ್ಬರು ನುಗ್ಗಿದರೆ ಒಬ್ಬರೂ ಒಳಗೆ ಬರಲ್ಲ. ಇದನ್ನ ಮೂರಕ್ಕೆ ಸರಿಸಿದ್ದು ಯಾರಮ್ಮ?”

“ನೀವು ಹೋದ ಮಾರನೇ ದಿನ ಇನ್ನೊಬ್ಬರನ್ನ ಕರೆಸಿದ್ವಿ. ಪುಸ್ತಕದಲ್ಲಿ ಇರೋದೇ ಹಾಗೆ ಅಂತ ಅವರು ಸರಿಸಿದರು.”

“ನಾನು ಪೆಟ್ಟಿಗೆ ಮೇಲೆ ಚೀಟಿ ಅಂಟಿಸಿ ಹೋಗಿದ್ದೆನಲ್ಲ?”

ಆ ಚೀಟಿ ಒಡತಿಗೆ ಈಗಲೂ ಬಾಯಿಪಾಠವಾಗಿತ್ತು. ‘ಐದಕ್ಕೆ ಟೋಪಿ ಹಾಕಿದ್ದೇನೆ. ಇನ್ನು ಚಿಂತೆಯಿಲ್ಲ.’ ಆಗ ಮನೆಯಲ್ಲಿದ್ದದ್ದು ಐದು ಜನ. “ಐದಕ್ಕೆ ಐದೂ ಜನಕ್ಕೆ ಟೋಪಿ ಹಾಕಿ, ಬರೆದೂ ಇಟ್ಟು ಹೋಗಿದಾನಲ್ಲ ಅತ್ತಿಗೆ, ಎಷ್ಟು ಕೊಬ್ಬು!” ಎಂದು ಓದಿ ಹೇಳಿದವನು ಇದೇ ಮೈದುನ. ಯಂತ್ರ ಹಾಕಿ ನೋಡುವ ತಾಳ್ಮೆ ಯಾರಿಗಿತ್ತು? ಚೀಟಿ ಹರಿದವಳು ಅವಳೇ. ನೂಲಿನ ಪೇಟೆಯಲ್ಲಿ ಅಂಗಡಿ ಅಂಗಡಿಗೆ ಹೋಗಿ ಹೇಳಿದವಳೂ ಅವಳೇ. ವಾರದೊಳಗೆ ರಿಪೇರಿ ಮೇಷ್ಟ್ರು ಟೋಪಿ ಮೇಷ್ಟ್ರಾಗಿದ್ದರು.

ಮೇಷ್ಟ್ರು ಚಿಮಟದ ತುದಿಯಿಂದ ಕಾರ್ಡಿನ ಮೇಲೆ ಅಕ್ಕಿಕಾಳಿನಷ್ಟಿದ್ದ ಕರಿಯ ಪ್ಲಾಸ್ಟಿಕ್ ಚೂರನ್ನು ತೋರಿಸಿದರು. ಅದು ಎರಡು ಪುಟ್ಟ ಮುಳ್ಳುಗಳ ನೆತ್ತಿಯ ಮೇಲೆ ಕೂತಿತ್ತು.

“ಇದನ್ನ ಕಿತ್ತು ಐದರ ಮೇಲೆ ಕೂರಿಸಬೇಕು. ಅಷ್ಟೇ ರಿಪೇರಿ.”

“ಇದಕ್ಕೇನಂತಾರೆ?” ಎಂದು ಕೇಳಿದಳು ಒಡತಿ.

“ಟೋಪಿ,” ಎಂದರು ಮೇಷ್ಟ್ರು.

ಮೈದುನನ ಕೈಯಲ್ಲಿದ್ದ ನೀಲಿಪುಡಿ ತಕ್ಕಡಿಯ ಹೊರಗೆ ಬಿತ್ತು. ಅವನು ಅದನ್ನು ಗೋರಿಕೊಳ್ಳುವ ನೆಪದಲ್ಲಿ ಬಗ್ಗಿದವನು ಬಹಳ ಹೊತ್ತು ಬಗ್ಗಿಯೇ ಇದ್ದ.

“ಒಂದ್ಸಲ ಆಫ್ ಮಾಡಬೇಕಮ್ಮ. ಮತ್ತೆ ಏಳುತ್ತೆ ಅಂತ ನಾನು ಮಾತು ಕೊಡಲಾರೆ. ಕೈ ನಂದು, ಮಿಕ್ಕಿದ್ದು ಮೇಲಿರೋವನದು. ನಂಬಿಕೆ ಇದ್ದರೆ ಹೇಳಿ.”

ಒಡತಿ ಮಾವನ ಎರಡು ಸಾವಿರ ಬಣ್ಣಗಳನ್ನು ನೆನೆದಳು. “ಮಾಡಿ ಮೇಷ್ಟ್ರೇ,” ಎಂದಳು.

ಸದ್ದು ನಿಂತಿತು. ಕೋಣೆ ಅಷ್ಟು ನಿಶ್ಶಬ್ದವಾದದ್ದನ್ನು ಅವಳು ಎಂದೂ ಕೇಳಿರಲಿಲ್ಲ. ಮೇಷ್ಟ್ರು ಉಸಿರು ಹಿಡಿದು ಟೋಪಿ ಕಿತ್ತರು, ಕೂರಿಸಿದರು, ಸ್ವಿಚ್ ಒತ್ತಿದರು. ಡಿಸ್ಕು ಮುಲುಕಿತು, ತಡೆಯಿತು. ಮೇಷ್ಟ್ರು ಪೆಟ್ಟಿಗೆಯ ಪಕ್ಕೆಯನ್ನು ಅಂಗೈಯಿಂದ ಮೆಲ್ಲಗೆ ತಟ್ಟಿದರು, ಮಗುವಿಗೆ ತೇಗು ಬರಿಸುವ ಹಾಗೆ. ಅದು ಮತ್ತೊಮ್ಮೆ ಮುಲುಕಿ, ತಿರುಗಿತು. ಸ್ವಲ್ಪ ಹೊತ್ತಿಗೆ ಹಿಂಬದಿಯ ಹಸಿರು ದೀಪ ಕಣ್ಣು ಪಿಳುಕಿಸಿತು. ಹೊಸ ಕಂಪ್ಯೂಟರಿನ ತೆರೆಯ ಮೇಲೆ ಮಾವನ ಮೊದಲ ಬಣ್ಣ ಬಂತು: ‘ಹೊತ್ತು ಮೂಡೋ ಕೆಂಪು. ಕೈಲಿ ಕಲಸು, ಅವಸರ ಬೇಡ.’

ಎಲ್ಲ ದಾಟುವ ಹೊತ್ತಿಗೆ ಹತ್ತು ಗಂಟೆಯಾಯಿತು. ಮಂಜು ಇನ್ನೂ ಕರಗಿರಲಿಲ್ಲ. ಮೇಷ್ಟ್ರು ಪೆಟ್ಟಿಗೆಯ ಮೇಲೆ ಹೊಸ ಚೀಟಿ ಅಂಟಿಸಲು ಹೋಗಿ, ಬೇಡವೆಂದು ಜೇಬಿಗೆ ಹಾಕಿಕೊಂಡು, ಚೀಲ ಹೆಗಲಿಗೇರಿಸಿದರು.

ಒಡತಿ ಸ್ಟೂಲು ಹತ್ತಿದಳು. ಟೋಪಿ ತೆಗೆದ ಕಡೆ, ಬಣ್ಣದ ಹಬೆ ಕುಡಿದು ಮಾಸಿದ ಗೋಡೆಯಲ್ಲಿ, ಒಂದು ದುಂಡನೆಯ ಬಿಳಿ ಸುಣ್ಣ ಹಾಗೇ ಉಳಿದಿತ್ತು. ಸೆರಗಿನಿಂದ ಟೋಪಿಯ ಧೂಳು ಒರೆಸಿ, ಎರಡೂ ಕೈಯಲ್ಲಿ ಹಿಡಿದು ಅವರ ಮುಂದೆ ನಿಂತಳು.

“ಹಾಕ್ಕೊಳ್ಳಿ ಮೇಷ್ಟ್ರೇ,” ಎಂದಳು. “ಪೇಟೆ ದಾಟೋವರೆಗೂ ನಾನೂ ಜೊತೇಲಿ ಬರ್ತೀನಿ.”