ಅಮ್ಮ ಬರೆದ ಗುರಿ

ನನ್ನ ಮಗಳು ಬೆಳಿಗ್ಗೆ ತನ್ನ ಹೊಸ ಡೈರಿ ತೆರೆದರೆ, ಆ ಕಾಗದದ ವಾಸನೆಗೆ ನನಗೆ ಗುಬ್ಬಿ ಊರಿನ ನಮ್ಮ ಅಡುಗೆಮನೆ ನೆನಪಾಗುತ್ತದೆ.

ಆಗ ನಾನು ಐದನೇ ಕ್ಲಾಸು. ದಿನಾ ಬೆಳಿಗ್ಗೆ ಡೈರಿಯಲ್ಲಿ ಮೂರು ಥ್ಯಾಂಕ್ಸು, ಆ ದಿನದ ಒಂದು ಗುರಿ ಬರೆಯಬೇಕು, ಅಮ್ಮಂದಿರ ಹತ್ತಿರವೂ ಬರೆಸಬೇಕು ಎಂದು ಮಿಸ್ ಹೇಳಿದ್ದರು. ಆಸ್ಪತ್ರೆಯಿಂದ ಬಂದಮೇಲೆ ಅಮ್ಮ ನಿಂತು ಅಡುಗೆ ಮಾಡುತ್ತಿರಲಿಲ್ಲ. ಮಣೆಯ ಮೇಲೆ ಗೋಡೆಗೊರಗಿ ಕೂತು ಬರೆಯುತ್ತಿದ್ದಳು.

ಅವಳ ಗುರಿಗಳಲ್ಲೆಲ್ಲ ನಾನೇ ಇರುತ್ತಿದ್ದೆ. 'ಮಗಳು ತಾನೇ ಜಡೆ ಹಾಕಿಕೊಳ್ಳಬೇಕು.' 'ಮಗಳು ಅನ್ನಕ್ಕೆ ಇಡುವುದು ಕಲಿಯಬೇಕು.'

"ಇದು ತಪ್ಪು ಕಣಮ್ಮ. ನಿನ್ ಗುರಿ ಬರೀಬೇಕು," ಎಂದೆ.

"ಆಯ್ತು ಮಿಸ್," ಎಂದು ನಕ್ಕಳು. ತುಂಬ ಹೊತ್ತು ಯೋಚಿಸಿ ಬರೆದಳು. ನಾನು ಜೋರಾಗಿ ಓದಿದೆ: 'ಅಟ್ಟದ ಕಾಯಿ ಕೊಬ್ಬರಿಯಾಗುವುದನ್ನು ನೋಡಬೇಕು.'

ರಾಗಿ ಕೇರುತ್ತಿದ್ದ ಅಜ್ಜಿಯ ಮೊರ ನಿಂತಿತು.

"ಮೊನ್ನೆ ತಾನೇ ಅಟ್ಟಕ್ಕೆ ಹಾಕ್ಸಿದೀವಿ. ಒಂದ್ ವರ್ಷ ಬೇಕಲ್ಲೇ," ಎಂದಳು ಅಜ್ಜಿ ಮೆಲ್ಲಗೆ.

"ಗೊತ್ತು ಬುಡಿ ಅತ್ತೆ."

"ಅಷ್ಟು ದೂರದ್ದು ಬರೆಯಂಗಿಲ್ಲ. ಇವತ್ತೇ ಆಗೋ ಅಂಥದ್ದು ಬರಿ," ಎಂದೆ ನಾನು.

ಅಜ್ಜಿ ನನ್ನ ರಟ್ಟೆ ಹಿಡಿದಳು.

"ಸುಮ್ನಿರಿ ಅತ್ತೆ, ಮಗು ಸರಿಯಾಗೇ ಹೇಳ್ತಾ ಐತೆ," ಎಂದ ಅಮ್ಮ, ಸ್ಕೇಲಿಟ್ಟು ಆ ಸಾಲಿನ ಮೇಲೆ ನೆಟ್ಟಗೆ ಗೆರೆ ಎಳೆದಳು. ಕೆಳಗೆ ಬರೆದಳು: 'ಇವತ್ತು ಹಿತ್ತಿಲ ಬಾಗಿಲ ತನಕ ನಡೆಯಬೇಕು.'

ಹಿತ್ತಿಲ ಬಾಗಿಲು ಅವಳು ಕೂತಲ್ಲಿಂದ ಹತ್ತು ಹೆಜ್ಜೆ. ನಾನು ಅದಕ್ಕೆ ರೈಟ್ ಮಾರ್ಕು ಹಾಕಿ ಸ್ಕೂಲಿಗೆ ಓಡಿದೆ.