ಗಂಡ ಉಜ್ಜಿಕೊಟ್ಟ ಫೋನು

ಗಂಡ ಅವಳ ಫೋನಿನ ಮೇಲೆ 'ಹಾ' ಎಂದು ಬಿಸಿಯುಸಿರು ಬಿಟ್ಟು, ಬೆವರು ಹತ್ತಿದ ಬನಿಯನ್ನಿನಿಂದ ಗಾಜು ಉಜ್ಜುತ್ತಿದ್ದ. ವೈಫೈಗೂ ಗಾಜಿಗೂ ಏನು ನಂಟೋ, ಅವನಿಗೇ ಗೊತ್ತು. ಗಾಜಿನೊಳಗೆ, ವಿಡಿಯೋ ಕಾಲ್‌ನಲ್ಲಿ ಅವಳಿಂದ ಕಸೂತಿ ಕಲಿಯಲು ಕೂತ ಹೆಂಗಸರೆಲ್ಲ ತೆರೆದ ಬಾಯಿ ತೆರೆದಂತೆಯೇ ಕಲ್ಲಾಗಿದ್ದರು.

"ವೈಫೈ ಆಫ್ ಮಾಡಿ ಆನ್ ಮಾಡ್ದೆ, ಪಾಸ್‌ವರ್ಡ್ ಮತ್ತೆ ಹಾಕ್ದೆ, ರೂಟರ್ ಪಕ್ಕಕ್ಕೇ ತಂದಿಟ್ಟೆ. ನಿನ್ನ ಫೋನಿನ ಹಣೆಬರಹವೇ ಇಷ್ಟು ಕಣೇ. ಈ ಪಾಠಗೀಠ ಎಲ್ಲ ಬಿಟ್ಟು ನೆಮ್ಮದಿಯಾಗಿರು ಅಂದ್ರೆ ಕೇಳಲ್ಲ," ಎಂದ. ದಿನಾ ಸಂಜೆ ಇದೇ ರಾಗ.

ಅವನ ಫೋನಿನಲ್ಲಾದರೂ ಪಾಠ ನಡೆಸೋಣವೆಂದು ಅವಳು ಮೇಜಿನ ಮೇಲಿದ್ದ ಅದನ್ನು ಎತ್ತಿಕೊಂಡಳು. ರೂಟರ್‌ನ ಆ್ಯಪ್ ತೆರೆದೇ ಇತ್ತು. ಅವನ ಫೋನು, ಮಗನ ಫೋನು, ಟೀವಿ, ಎಲ್ಲದರ ಮುಂದೆಯೂ 'ಪೂರ್ಣ ವೇಗ'. ಅವಳ ಹೆಸರಿನ ಮುಂದೆ ಮಾತ್ರ 'ಸಂಜೆ ಕನಿಷ್ಠ ವೇಗ'. ತುತ್ತಿನಲ್ಲಿ ಕೂದಲು ಸಿಕ್ಕಂತೆ ಅವಳಿಗೆ ಹೇಸಿಗೆಯಾಯಿತು. ಕತ್ತು ಹಿಸುಕಿದ ಕೈಯೇ ಇಷ್ಟು ದಿನ ಬೆನ್ನನ್ನೂ ಸವರುತ್ತಿತ್ತು! ಆ ಸಾಲನ್ನು ಒತ್ತಿ ಮಿತಿಯನ್ನು ತೆಗೆದುಹಾಕಿದಳು.

ಅವನ ಕೈಯಲ್ಲಿದ್ದ ಫೋನು ತಟ್ಟನೆ ಮಾತಾಡಿತು. "ಟೀಚರ್, ಈಗ ಕಾಣ್ತಿದೆ! ಯಾರಿದು, ನಿಮ್ಮ ಯಜಮಾನ್ರಾ?"

"ನೋಡಿದ್ಯಾ?" ಅವನು ಹಲ್ಲು ಕಿರಿದ. "ನಾನಿಲ್ದಿದ್ರೆ ಏನ್ ಮಾಡ್ತಿದ್ದೆ ಹೇಳು?"

ಅವಳು ಅವನ ಫೋನನ್ನು ಅವನ ಮುಖಕ್ಕೇ ಹಿಡಿದಳು. ಕಿರಿದ ಹಲ್ಲು ಹಾಗೇ ನಿಂತಿತು. ತನ್ನ ಫೋನನ್ನು ಎರಡೇ ಬೆರಳಲ್ಲಿ ಈಸಿಕೊಂಡು, ಮೇಜು ಒರೆಸುವ ಬಟ್ಟೆಯಿಂದ ಅವನ ಉಸಿರನ್ನು ಒರೆಸುತ್ತಾ ಹೇಳಿದಳು:

"ನೀನಿಲ್ದಿದ್ರಾ? ಪಾಠ ಮಾಡ್ತಿದ್ದೆ."